ಲಾಭ ಯಾವ ಊರಿನದು? ಆಪಲ್ ತೀರ್ಪಿನ ನಂತರವೂ ಉಳಿದ ಪ್ರಶ್ನೆ

ಸಾವಿರದ ಮುನ್ನೂರು ಕೋಟಿ ಯೂರೋ ತೆರಿಗೆ ಬಾಕಿಯನ್ನು ವಸೂಲು ಮಾಡಿಕೊಳ್ಳಿ ಎಂದು ಹೇಳಿದರೆ, ‘ಆ ಹಣ ನಮಗೆ ಬೇಡ’ ಎಂದು ಒಂದು ಸರ್ಕಾರವೇ ಎಂಟು ವರ್ಷಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದ ಪ್ರಸಂಗ ತೆರಿಗೆಯ ಇತಿಹಾಸದಲ್ಲಿ ಬಲು ಅಪರೂಪ. ಐರ್ಲೆಂಡ್ ಅದನ್ನು ಮಾಡಿತು, ಮತ್ತು ಸೋತಿತು. 2024ರ ಸೆಪ್ಟೆಂಬರ್ 10ರಂದು ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ನ್ಯಾಯಾಲಯವು ಅಮೆರಿಕದ ಆಪಲ್ ಕಂಪನಿ ಐರ್ಲೆಂಡಿಗೆ 1,300 ಕೋಟಿ ಯೂರೋ ತೆರಿಗೆಯನ್ನು ಬಡ್ಡಿ ಸಹಿತ ತೆರಬೇಕೆಂದು ಅಂತಿಮ ತೀರ್ಪು ನೀಡಿತು. ಅಂದಿನ ವಿನಿಮಯ ದರದಲ್ಲಿ ಇದು ಸುಮಾರು 1.2 ಲಕ್ಷ ಕೋಟಿ ರೂಪಾಯಿ. ಅದೇ ವರ್ಷದ ಕರ್ನಾಟಕ ರಾಜ್ಯ ಬಜೆಟ್ಟಿನ ಒಟ್ಟು ಗಾತ್ರದ ಹೆಚ್ಚೂ ಕಡಿಮೆ ಮೂರನೇ ಒಂದು ಭಾಗ.

ಕೊಡಬೇಕಾದವನು ಬೇಡವೆನ್ನುವುದು ಸಹಜ. ಪಡೆಯಬೇಕಾದವನೇ ಏಕೆ ಬೇಡವೆಂದ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಬಹುರಾಷ್ಟ್ರೀಯ ಕಂಪನಿಗಳ ವಿದೇಶಿ ಗಳಿಕೆಗೆ ಯಾರು, ಎಲ್ಲಿ, ಎಷ್ಟು ತೆರಿಗೆ ಹಾಕಬೇಕೆಂಬ ಇಡೀ ವ್ಯವಸ್ಥೆಯ ಹುಳುಕು ಕಣ್ಣೆದುರು ನಿಲ್ಲುತ್ತದೆ.

ಊರಿಲ್ಲದ ಕಂಪನಿ

ಆಪಲ್ ಐರ್ಲೆಂಡಿಗೆ ಕಾಲಿಟ್ಟದ್ದು 1980ರಲ್ಲಿ. ದಕ್ಷಿಣದ ಕಾರ್ಕ್ ನಗರದ ಹಾಲಿಹಿಲ್‌ನಲ್ಲಿ ಒಂದು ಕಾರ್ಖಾನೆ ತೆರೆಯಿತು. ನಿರುದ್ಯೋಗದಿಂದ ಬಸವಳಿದಿದ್ದ ದೇಶಕ್ಕೆ ಅದು ವರವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಕಾಲಕ್ರಮದಲ್ಲಿ ಉತ್ತರ ಮತ್ತು ದಕ್ಷಿಣ ಅಮೆರಿಕಗಳ ಹೊರಗೆ ಆಪಲ್ ತಂತ್ರಜ್ಞಾನವನ್ನು ಬಳಸಿ ಸರಕು ತಯಾರಿಸುವ, ಮಾರುವ ಹಕ್ಕು ಐರ್ಲೆಂಡಿನಲ್ಲಿ ನೋಂದಾಯಿತವಾದ ಎರಡು ಅಂಗಸಂಸ್ಥೆಗಳ ಕೈಸೇರಿತು: ಆಪಲ್ ಸೇಲ್ಸ್ ಇಂಟರ್‌ನ್ಯಾಷನಲ್ ಮತ್ತು ಆಪಲ್ ಆಪರೇಷನ್ಸ್ ಯುರೋಪ್. ಪ್ಯಾರಿಸ್ಸಿನ ಅಂಗಡಿಯಲ್ಲಿ ಐಫೋನ್ ಕೊಂಡ ಗ್ರಾಹಕ ಕಾನೂನಿನ ಕಾಗದದಲ್ಲಿ ಅದನ್ನು ಕೊಳ್ಳುತ್ತಿದ್ದುದು ಐರ್ಲೆಂಡಿನ ಕಂಪನಿಯಿಂದ. ಯುರೋಪ್ ಅಷ್ಟೇ ಅಲ್ಲ, ಮಧ್ಯಪ್ರಾಚ್ಯ, ಆಫ್ರಿಕ ಮತ್ತು ಭಾರತದ ಮಾರಾಟವೂ ಇದೇ ಸೇಲ್ಸ್ ಇಂಟರ್‌ನ್ಯಾಷನಲ್ ಲೆಕ್ಕಕ್ಕೆ ಸೇರುತ್ತಿತ್ತು.

ಇಲ್ಲಿಯವರೆಗೆ ವಿಶೇಷವೇನಿಲ್ಲ. ಚಮತ್ಕಾರ ಇರುವುದು ಮುಂದೆ. ಅಮೆರಿಕದ ಕಾನೂನಿನ ಪ್ರಕಾರ ಕಂಪನಿಯ ನೆಲೆ ಅದು ನೋಂದಾಯಿತವಾದ ದೇಶ. ಐರ್ಲೆಂಡಿನ ಅಂದಿನ ಕಾನೂನಿನ ಪ್ರಕಾರ ಇಂಥ ಕಂಪನಿಯ ನೆಲೆ ಅದರ ಆಡಳಿತ ಎಲ್ಲಿಂದ ನಡೆಯುತ್ತದೆಯೋ ಆ ದೇಶ. ಐರ್ಲೆಂಡಿನಲ್ಲಿ ನೋಂದಾಯಿಸಿ ಕ್ಯಾಲಿಫೋರ್ನಿಯಾದಿಂದ ಆಡಳಿತ ನಡೆಸಿದರೆ? ಅಮೆರಿಕ ‘ಇದು ಐರ್ಲೆಂಡಿನ ಕಂಪನಿ’ ಎನ್ನುತ್ತದೆ. ಐರ್ಲೆಂಡ್ ‘ಇದು ನಮ್ಮದಲ್ಲ’ ಎನ್ನುತ್ತದೆ. ಎರಡು ಊರಿನ ನೆಂಟ ಊಟವಿಲ್ಲದೆ ಕೆಟ್ಟ ಎಂಬ ಗಾದೆ ಇಲ್ಲಿ ತಿರುವುಮುರುವಾಯಿತು. ಎರಡು ಊರಿನ ನಡುವೆ ನಿಂತ ಕಂಪನಿ ಕೊಬ್ಬಿತು, ಊರುಗಳೇ ಉಪವಾಸ ಬಿದ್ದವು!

2013ರ ಮೇ ತಿಂಗಳಲ್ಲಿ ಅಮೆರಿಕ ಸೆನೆಟ್‌ನ ಉಪಸಮಿತಿಯೊಂದು ಈ ವ್ಯವಸ್ಥೆಯನ್ನು ಬಯಲಿಗೆಳೆಯಿತು. ಸಮಿತಿಯ ಅಧ್ಯಕ್ಷ ಕಾರ್ಲ್ ಲೆವಿನ್ ಡೆಮಾಕ್ರಟ್. ಜೊತೆಗಿದ್ದ ಜಾನ್ ಮೆಕೇನ್ ರಿಪಬ್ಲಿಕನ್. ಗುಂಪಿನ ಮತ್ತೊಂದು ಅಂಗಸಂಸ್ಥೆಯಾದ ಆಪಲ್ ಆಪರೇಷನ್ಸ್ ಇಂಟರ್‌ನ್ಯಾಷನಲ್ 2009ರಿಂದ 2012ರವರೆಗೆ 3,000 ಕೋಟಿ ಡಾಲರ್ ಆದಾಯ ತೋರಿಸಿಯೂ ಯಾವ ದೇಶಕ್ಕೂ ಕಾರ್ಪೊರೇಟ್ ಆದಾಯ ತೆರಿಗೆ ಕಟ್ಟಿರಲಿಲ್ಲ ಎಂಬುದು ಸಮಿತಿ ಕಂಡುಕೊಂಡ ಸತ್ಯ. ಸಾಕ್ಷ್ಯ ನುಡಿಯಲು ಬಂದ ಮುಖ್ಯಸ್ಥ ಟಿಮ್ ಕುಕ್, ಕಾನೂನಿನ ಪ್ರಕಾರ ಸಲ್ಲಬೇಕಾದ ಪ್ರತಿ ಡಾಲರನ್ನೂ ಕಂಪನಿ ಸಲ್ಲಿಸಿದೆ ಎಂದರು. ಅವರ ಮಾತನ್ನು ಸುಳ್ಳೆಂದು ತಳ್ಳಿಹಾಕುವುದು ಕಷ್ಟ, ಕಾನೂನೇ ಹಾಗಿತ್ತು.

ಐರ್ಲೆಂಡಿನ ಕಾನೂನಿನಲ್ಲಿ ಸೇಲ್ಸ್ ಇಂಟರ್‌ನ್ಯಾಷನಲ್ ಎರಡು ಹೋಳಾಗಿತ್ತು. ಒಂದು, ಕಾರ್ಕ್‌ನಲ್ಲಿ ನೌಕರರು, ಕಟ್ಟಡ ಎಲ್ಲ ಇದ್ದ ಶಾಖೆ. ಇನ್ನೊಂದು, ಯಾವ ದೇಶದಲ್ಲೂ ಇಲ್ಲದ ‘ಪ್ರಧಾನ ಕಚೇರಿ’. ಅದಕ್ಕೆ ನೌಕರರಿಲ್ಲ, ಕಟ್ಟಡವಿಲ್ಲ. ಇದ್ದದ್ದು ಆಗೊಮ್ಮೆ ಈಗೊಮ್ಮೆ ನಡೆಯುವ ನಿರ್ದೇಶಕರ ಸಭೆ ಮಾತ್ರ. 1991ರಲ್ಲಿ ಐರ್ಲೆಂಡಿನ ತೆರಿಗೆ ಇಲಾಖೆ ಕೊಟ್ಟ ಒಪ್ಪಿಗೆಯ ಪ್ರಕಾರ ಶಾಖೆಯ ನಿರ್ವಹಣಾ ವೆಚ್ಚದ ಮೇಲೆ ಶೇ. 12.5ರಷ್ಟನ್ನು ಮಾತ್ರ ಅಲ್ಲಿನ ಲಾಭವೆಂದು ಲೆಕ್ಕ ಹಿಡಿದರೆ ಸಾಕು. ಉಳಿದದ್ದೆಲ್ಲ ಪ್ರಧಾನ ಕಚೇರಿಗೆ. 2007ರಲ್ಲಿ ಸೂತ್ರ ಬದಲಾಯಿತೇ ಹೊರತು ತತ್ತ್ವ ಬದಲಾಗಲಿಲ್ಲ.

ಐರೋಪ್ಯ ಆಯೋಗವು 2016ರ ಆಗಸ್ಟ್ 30ರಂದು ಪ್ರಕಟಿಸಿದ ಅಂಕಿಗಳು ಇದರ ಪರಿಣಾಮವನ್ನು ತೋರಿಸುತ್ತವೆ. 2011ರಲ್ಲಿ ಸೇಲ್ಸ್ ಇಂಟರ್‌ನ್ಯಾಷನಲ್ ಗಳಿಸಿದ ಲಾಭ ಸುಮಾರು 1,600 ಕೋಟಿ ಯೂರೋ. ಅದರಲ್ಲಿ ಐರ್ಲೆಂಡಿನ ತೆರಿಗೆಗೆ ಒಳಪಟ್ಟದ್ದು ಸುಮಾರು 5 ಕೋಟಿ. ಕಟ್ಟಿದ ತೆರಿಗೆ ಒಂದು ಕೋಟಿಗೂ ಕಡಿಮೆ. 2003ರಲ್ಲಿ ಶೇ. 1ರಷ್ಟಿದ್ದ ವಾಸ್ತವಿಕ ದರ 2014ರ ವೇಳೆಗೆ ಶೇ. 0.005ಕ್ಕೆ ಇಳಿಯಿತು. ಅಂದರೆ ಹತ್ತು ಲಕ್ಷ ಯೂರೋ ಲಾಭಕ್ಕೆ ಐವತ್ತು ಯೂರೋ ತೆರಿಗೆ. ಐರ್ಲೆಂಡಿನ ಅಧಿಕೃತ ದರವೇ ಶೇ. 12.5, ಯುರೋಪಿನಲ್ಲಿ ಅದೇ ಅಗ್ಗವೆಂದು ಜರ್ಮನಿ, ಫ್ರಾನ್ಸ್‌ಗಳು ಗೊಣಗುತ್ತಿದ್ದವು!

ಆಯೋಗದ ಅಂದಿನ ಸ್ಪರ್ಧಾ ಆಯುಕ್ತೆ ಮಾರ್ಗ್ರೆಥ್ ವೆಸ್ಟಾಗರ್ ಹಿಡಿದ ಅಸ್ತ್ರ ತೆರಿಗೆ ಕಾನೂನಲ್ಲ, ಸ್ಪರ್ಧಾ ಕಾನೂನು. ತೆರಿಗೆ ದರ ನಿಗದಿ ಮಾಡುವುದು ಸದಸ್ಯ ರಾಷ್ಟ್ರಗಳ ಹಕ್ಕು. ಆದರೆ ಎಲ್ಲರಿಗೂ ಇಲ್ಲದ ರಿಯಾಯಿತಿಯನ್ನು ಒಬ್ಬರಿಗೆ ಮಾತ್ರ ಕೊಟ್ಟರೆ ಅದು ಕಾನೂನುಬಾಹಿರ ಸರ್ಕಾರಿ ನೆರವು ಎಂಬುದು ಅವರ ವಾದ. 2020ರ ಜುಲೈನಲ್ಲಿ ಕೆಳಹಂತದ ನ್ಯಾಯಾಲಯ ‘ಆಯೋಗ ಇದನ್ನು ಸಾಬೀತು ಮಾಡಿಲ್ಲ’ ಎಂದು ಆದೇಶವನ್ನು ರದ್ದು ಮಾಡಿತ್ತು. ನಾಲ್ಕು ವರ್ಷಗಳ ಬಳಿಕ ಮೇಲಿನ ನ್ಯಾಯಾಲಯ ಆ ತೀರ್ಪನ್ನೇ ಬದಿಗಿರಿಸಿತು. ನೌಕರನೇ ಇಲ್ಲದ ಕಚೇರಿ ಸಾವಿರಾರು ಕೋಟಿ ಲಾಭ ದುಡಿಯಿತೆಂಬ ಲೆಕ್ಕ ಉಳಿಯಲಿಲ್ಲ.

ಐರ್ಲೆಂಡ್ ಈ ಹಣವನ್ನು ಬೇಡವೆಂದದ್ದರ ಗುಟ್ಟು ಈಗ ಸ್ಪಷ್ಟ. 2008ರ ಬ್ಯಾಂಕ್ ಕುಸಿತದ ನಂತರ ಐರೋಪ್ಯ ಒಕ್ಕೂಟ ಮತ್ತು ಐಎಂಎಫ್ ಮುಂದೆ ಕೈಚಾಚಿದ್ದ ದೇಶಕ್ಕೆ ಹಣದ ಅಗತ್ಯವಿರಲಿಲ್ಲವೆಂದಲ್ಲ. ಒಂದು ಸಲದ ಗಂಟಿಗಿಂತ, ‘ಇಲ್ಲಿ ಕೊಟ್ಟ ಮಾತಿಗೆ ಬೆಲೆಯಿದೆ’ ಎಂದು ಇತರ ಕಂಪನಿಗಳಿಗೆ ತೋರಿಸುವುದು ಅದಕ್ಕೆ ಮುಖ್ಯವಾಗಿತ್ತು. ವ್ಯವಹಾರ ದೃಷ್ಟಿಯಿಂದ ಈ ಎಣಿಕೆ ತಪ್ಪಾಗಲಿಲ್ಲ. 2014ರಲ್ಲಿ 460 ಕೋಟಿ ಯೂರೋ ಇದ್ದ ಕಾರ್ಪೊರೇಟ್ ತೆರಿಗೆ ಸಂಗ್ರಹ, 2024ರಲ್ಲಿ ಆಪಲ್ ಬಾಕಿಯನ್ನು ಬಿಟ್ಟೂ 2,800 ಕೋಟಿ ದಾಟಿತು. ಅದರ ಅರ್ಧಕ್ಕಿಂತ ಹೆಚ್ಚು ಪಾಲು ಕೇವಲ ಹತ್ತು ಕಂಪನಿಗಳಿಂದ. 2015ರಲ್ಲಂತೂ ಬೌದ್ಧಿಕ ಆಸ್ತಿಗಳನ್ನು ಕಾಗದದ ಮೇಲೆ ಐರ್ಲೆಂಡಿಗೆ ವರ್ಗಾಯಿಸಿದ ಪರಿಣಾಮವಾಗಿ ಆ ದೇಶದ ಜಿಡಿಪಿ ಒಂದೇ ವರ್ಷ ಶೇ. 26ರಷ್ಟು ಬೆಳೆಯಿತೆಂದು ಸರ್ಕಾರಿ ಅಂಕಿಅಂಶ ಹೊರಬಿತ್ತು. ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್‌ಮನ್ ಇದನ್ನು ಐರಿಷ್ ಜಾನಪದದ ಕುಳ್ಳ ಮಾಯಾವಿಯ ಹೆಸರಿನಲ್ಲಿ ‘ಲೆಪ್ರಿಕಾನ್ ಅರ್ಥಶಾಸ್ತ್ರ’ ಎಂದು ಗೇಲಿ ಮಾಡಿದ್ದರು.

ವಿದೇಶದಲ್ಲಿದ್ದೂ ನ್ಯೂಯಾರ್ಕ್‌ನಲ್ಲಿದ್ದ ಹಣ

ಐರ್ಲೆಂಡ್ ಬಿಟ್ಟುಕೊಟ್ಟ ತೆರಿಗೆಯನ್ನು ಅಮೆರಿಕವಾದರೂ ಏಕೆ ಎತ್ತಿಕೊಳ್ಳಲಿಲ್ಲ? 2017ರವರೆಗೆ ಅಮೆರಿಕದ ಕಾರ್ಪೊರೇಟ್ ತೆರಿಗೆ ದರ ಶೇ. 35. ಅದು ಜಗತ್ತಿನ ಯಾವ ಮೂಲೆಯ ಗಳಿಕೆಗೂ ಅನ್ವಯ. ಆದರೆ ವಿದೇಶಿ ಅಂಗಸಂಸ್ಥೆ ಲಾಭಾಂಶವನ್ನು ತಾಯ್ನಾಡಿಗೆ ಕಳುಹಿಸುವವರೆಗೆ, ಕೆಲವು ಬಗೆಯ ಆದಾಯವನ್ನು ಬಿಟ್ಟರೆ, ತೆರಿಗೆ ಮುಂದೂಡಬಹುದು. ಎಲ್ಲಿಯವರೆಗೆ? ಅದಕ್ಕೆ ಮಿತಿಯಿಲ್ಲ. ನಾಳೆ ಬಾ ಎಂದು ಬಾಗಿಲ ಮೇಲೆ ಬರೆದ ಹಾಗೆ.

ಪರಿಣಾಮವಾಗಿ ವಿಚಿತ್ರವೊಂದು ನಡೆಯಿತು. 2013ರ ಏಪ್ರಿಲ್‌ನಲ್ಲಿ ಆಪಲ್ ಬಳಿ 14,500 ಕೋಟಿ ಡಾಲರ್ ನಗದು ಮತ್ತು ಹೂಡಿಕೆ ಇತ್ತು. ಆದರೂ ಅದು ಷೇರುದಾರರಿಗೆ ಹಂಚಲೆಂದು ಬಾಂಡ್ ಮಾರಿ 1,700 ಕೋಟಿ ಡಾಲರ್ ಸಾಲ ಎತ್ತಿತು! ಕಾರಣ, 10,200 ಕೋಟಿ ಡಾಲರ್ ‘ವಿದೇಶ’ದಲ್ಲಿತ್ತು; ತಂದರೆ ಶೇ. 35ರ ಲೆಕ್ಕ ಎದುರಾಗುತ್ತಿತ್ತು. ಆ ವಿದೇಶಿ ಹಣ ಭೌತಿಕವಾಗಿ ಎಲ್ಲಿತ್ತು? ಆಪರೇಷನ್ಸ್ ಇಂಟರ್‌ನ್ಯಾಷನಲ್‌ನ ಹಣ ನ್ಯೂಯಾರ್ಕ್‌ನ ಬ್ಯಾಂಕ್ ಖಾತೆಗಳಲ್ಲಿತ್ತು, ನೆವಾಡದಲ್ಲಿರುವ ಆಪಲ್‌ನದೇ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿತ್ತು ಎನ್ನುತ್ತದೆ ಸೆನೆಟ್ ವರದಿ. ವಿದೇಶವೆಂಬುದು ಲೆಕ್ಕಪುಸ್ತಕದ ಒಂದು ಅಂಕಣವಷ್ಟೇ.

ಒಮ್ಮೆ ರಿಯಾಯಿತಿ ಕೊಟ್ಟು ಕರೆದರೆ ಹಣ ಬಂದು ಉದ್ಯೋಗ ಸೃಷ್ಟಿಯಾಗುತ್ತದೆ ಎಂಬ ವಾದವನ್ನು ಅಮೆರಿಕ ಪರೀಕ್ಷಿಸಿಯೂ ನೋಡಿತ್ತು. 2004ರ ಕಾಯಿದೆಯಲ್ಲಿ ಒಂದು ವರ್ಷದ ಮಟ್ಟಿಗೆ ಶೇ. 5.25ರ ದರ ಪ್ರಕಟಿಸಿದಾಗ ಸುಮಾರು 30,000 ಕೋಟಿ ಡಾಲರ್ ತಾಯ್ನಾಡಿಗೆ ಮರಳಿತು. ಆದರೆ ಬಹುಪಾಲು ಹೋದದ್ದು ಷೇರು ಮರುಖರೀದಿಗೆ. ‘ಕಾಯುತ್ತ ಕೂತರೆ ಮತ್ತೊಂದು ರಿಯಾಯಿತಿ ಬಂದೇ ಬರುತ್ತದೆ’ ಎಂಬ ಪಾಠವನ್ನು ಕಂಪನಿಗಳು ಕಲಿತವು, ಮತ್ತು ಅವುಗಳ ಎಣಿಕೆ ಸರಿಯಾಗಿತ್ತು. ಡೊನಾಲ್ಡ್ ಟ್ರಂಪ್ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಸಾಮಾನ್ಯ ದರವನ್ನು ಶೇ. 21ಕ್ಕೆ ಇಳಿಸಿ, ಹಳೆಯ ವಿದೇಶಿ ಗಳಿಕೆಗೆ ನಗದಾದರೆ ಶೇ. 15.5, ಇಲ್ಲವಾದರೆ ಶೇ. 8ರಂತೆ ಒಂದು ಸಲದ ತೆರಿಗೆ ವಿಧಿಸಿತು. ಅದನ್ನೂ ಎಂಟು ವರ್ಷಗಳ ಕಂತಿನಲ್ಲಿ ಕಟ್ಟಬಹುದಿತ್ತು. 2018ರ ಜನವರಿಯಲ್ಲಿ ಆಪಲ್ ತನ್ನ ಪಾಲು ಸುಮಾರು 3,800 ಕೋಟಿ ಡಾಲರ್ ಎಂದು ಪ್ರಕಟಿಸಿತು. ಮೊತ್ತ ದೊಡ್ಡದೇ. ಹಳೆಯ ದರದ ಅರ್ಧವೂ ಅದರಲ್ಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

2024ರ ತೀರ್ಪಿನಲ್ಲೂ ಅಮೆರಿಕದ ಬೊಕ್ಕಸಕ್ಕೆ ಪೆಟ್ಟು ಬಿದ್ದಿದೆ. ಐರ್ಲೆಂಡಿಗೆ ಆಪಲ್ ಕೊಟ್ಟದ್ದು ಬಡ್ಡಿ ಸೇರಿ 1,580 ಕೋಟಿ ಡಾಲರ್. ಆದರೆ ವಿದೇಶದಲ್ಲಿ ಕಟ್ಟಿದ ತೆರಿಗೆಗೆ ತಾಯ್ನಾಡಿನಲ್ಲಿ ವಿನಾಯಿತಿ ಸಿಗುವುದರಿಂದ ಅದರಲ್ಲಿ 480 ಕೋಟಿಯನ್ನು ಅಮೆರಿಕದ ತೆರಿಗೆಯಲ್ಲಿ ಮುರಿದುಕೊಳ್ಳಲು ಅವಕಾಶ ದೊರೆಯಿತು. ಇತರ ಹೊಂದಾಣಿಕೆಗಳ ನಂತರ ಕಂಪನಿಯ ಲೆಕ್ಕದಲ್ಲಿ ಉಳಿದ ನಿವ್ವಳ ಹೊರೆ 1,020 ಕೋಟಿ ಡಾಲರ್. ಬ್ರಸೆಲ್ಸ್ ಹಾಕಿದ ಬರೆಯ ಒಂದು ಭಾಗ ವಾಷಿಂಗ್ಟನ್ನಿನ ಬೆನ್ನಿನ ಮೇಲೂ ಮೂಡಿದೆ.

ಆಪಲ್ ವಾದ, ಬೆಂಗಳೂರಿನ ಕನ್ನಡಿಯಲ್ಲಿ

ಆಪಲ್ ಪರವಾಗಿಯೂ ಒಂದು ಗಟ್ಟಿ ವಾದವಿದೆ. ಐಫೋನ್ ರೂಪುಗೊಂಡದ್ದು ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದಲ್ಲಿ. ವಿನ್ಯಾಸ, ತಂತ್ರಾಂಶ, ಮಾರಾಟ ತಂತ್ರದ ಮಹತ್ವದ ನಿರ್ಧಾರಗಳೆಲ್ಲ ಅಲ್ಲಿಯೇ ಆದವು. ಕಾರ್ಕ್‌ನಲ್ಲಿ ನಡೆಯುತ್ತಿದ್ದುದು ಸರಬರಾಜು, ಗ್ರಾಹಕ ಸೇವೆಯಂಥ ವಾಡಿಕೆಯ ಕೆಲಸ. ಹಾಗಿರುವಾಗ ಲಾಭವೆಲ್ಲ ಕಾರ್ಕ್‌ನದು ಎನ್ನುವುದು ನ್ಯಾಯವೇ? ಮೌಲ್ಯ ಹುಟ್ಟಿದ ಜಾಗಕ್ಕೇ ಲಾಭ ಸೇರಬೇಕು ಎಂಬುದು ಕಂಪನಿಯ ನಿಲುವು. ಆ ನಿಲುವಿಗೆ ಬದ್ಧವಾಗಿ ಲಾಭವನ್ನು ಕ್ಯುಪರ್ಟಿನೋದಲ್ಲೇ ತೋರಿಸಿ ಶೇ. 35 ಕಟ್ಟಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಬದಲಿಗೆ ಅಂಗಸಂಸ್ಥೆಗಳು ಸಂಶೋಧನಾ ವೆಚ್ಚದ ಪಾಲೆಂದು ಮಾತೃಸಂಸ್ಥೆಗೆ ಹಣ ಕಟ್ಟಿ (2011ರಲ್ಲಿ ಇದು ಸುಮಾರು 200 ಕೋಟಿ ಡಾಲರ್), ಆ ಸಂಶೋಧನೆಯ ಫಲವನ್ನು ತಾವೇ ಅನುಭವಿಸಿದವು.

ಇದೇ ವಾದವನ್ನು ಬೆಂಗಳೂರಿಗೆ ತಂದು ನೋಡಿದರೆ ಚಿತ್ರ ಬೇರೆಯಾಗುತ್ತದೆ. ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್‌ಗಳ ಗಾಜಿನ ಕಟ್ಟಡಗಳಲ್ಲಿ ಬಹುರಾಷ್ಟ್ರೀಯ ಕಂಪನಿಗಳ ನೂರಾರು ಸ್ವಂತ ತಂತ್ರಜ್ಞಾನ ಕೇಂದ್ರಗಳಿವೆ. ಅಲ್ಲಿನ ಎಂಜಿನಿಯರುಗಳು ಬರೆದ ತಂತ್ರಾಂಶದ ಒಡೆತನ ಸಾಮಾನ್ಯವಾಗಿ ವಿದೇಶಿ ಸಂಸ್ಥೆಯದು. ಬೆಂಗಳೂರಿನ ಅಂಗಸಂಸ್ಥೆಗೆ ಸಿಗುವುದು ಖರ್ಚು ಮತ್ತು ಅದರ ಮೇಲೊಂದಿಷ್ಟು. ಕೇಂದ್ರ ಸರ್ಕಾರವೇ 2017ರಲ್ಲಿ ರೂಪಿಸಿದ ನಿಯಮದಂತೆ 200 ಕೋಟಿ ರೂಪಾಯಿವರೆಗಿನ ತಂತ್ರಾಂಶ ಸೇವೆಗೆ ವೆಚ್ಚದ ಮೇಲೆ ಶೇ. 17ರಿಂದ 18ರಷ್ಟು ಲಾಭ ತೋರಿಸಿದರೆ ಆದಾಯ ತೆರಿಗೆ ಇಲಾಖೆ ಹೆಚ್ಚು ಕೆದಕುವುದಿಲ್ಲ ಎಂಬ ಭರವಸೆಯಿತ್ತು. ಕಾರ್ಕ್ ಶಾಖೆಯ ಶೇ. 12.5ಕ್ಕೂ ಇದಕ್ಕೂ ಇರುವ ಹೋಲಿಕೆ ಗಮನಾರ್ಹ. ತತ್ತ್ವ ಒಂದೇ: ಕೆಲಸ ಮಾಡಿದವನಿಗೆ ಕೂಲಿ, ಹಕ್ಕುಪತ್ರ ಹಿಡಿದವನಿಗೆ ಬೆಳೆ. ಮೌಲ್ಯ ಹುಟ್ಟಿದಲ್ಲಿಗೇ ಲಾಭ ಸೇರಬೇಕೆಂಬ ಮಾತು ಕ್ಯುಪರ್ಟಿನೋಗೆ ಅನ್ವಯಿಸುವುದಾದರೆ ಬೆಳ್ಳಂದೂರಿಗೆ ಏಕೆ ಅನ್ವಯಿಸುವುದಿಲ್ಲ?

ಗ್ರಾಹಕನ ಕಡೆಯಿಂದ ನೋಡಿದರೂ ಭಾರತಕ್ಕೆ ದಕ್ಕಿದ್ದು ಅಷ್ಟಕ್ಕಷ್ಟೆ. ಆಪಲ್ ಪ್ರಕರಣದಲ್ಲಿ ಆಯೋಗ 2016ರಲ್ಲೇ ಒಂದು ಬಾಗಿಲು ತೆರೆದಿಟ್ಟಿತ್ತು. 2003ರಿಂದ 2014ರ ಅವಧಿಯ ಲಾಭ ತಮ್ಮ ನೆಲದ್ದು ಎಂದು ಇತರ ದೇಶಗಳು ತೆರಿಗೆ ಹೇರಿದರೆ ಐರ್ಲೆಂಡಿನ ಪಾಲು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ ಎಂದು. ಆ ಬಾಗಿಲಿನಿಂದ ಹೊರಹೋದದ್ದು ಒಟ್ಟು ಮೊತ್ತದ ಅಲ್ಪ ಭಾಗ. ಆ ವರ್ಷಗಳಲ್ಲಿ ಭಾರತ ಆಪಲ್‌ಗೆ ಚಿಕ್ಕ ಮಾರುಕಟ್ಟೆ ಎಂಬುದು ನಿಜ. ಇಂದು ಆ ಮಾತು ಹೇಳುವಂತಿಲ್ಲ. ದೇವನಹಳ್ಳಿಯ ಫಾಕ್ಸ್‌ಕಾನ್ ಘಟಕದಲ್ಲಿ 2025ರಿಂದ ಐಫೋನ್ ಜೋಡಣೆಯೂ ನಡೆದಿದೆ. ಅಲ್ಲಿಯೂ ಇಲ್ಲಿನ ಲೆಕ್ಕಕ್ಕೆ ಬರುವುದು ಜೋಡಣೆಯ ಆದಾಯ ಮಾತ್ರ.

ಭಾರತ ಸುಮ್ಮನೆ ಕುಳಿತಿತ್ತೆನ್ನುವಂತಿಲ್ಲ. ಅಂಥ ಹಲವು ಯತ್ನಗಳು ಬೆಂಗಳೂರಿನಲ್ಲೇ ನಡೆದವು. ವಿದೇಶಿ ತಂತ್ರಾಂಶ ಕೊಂಡು ಕೊಡುವ ಹಣ ರಾಯಧನ, ಅದಕ್ಕೆ ಇಲ್ಲೇ ತೆರಿಗೆ ಕಡಿತವಾಗಬೇಕು ಎಂಬ ಇಲಾಖೆಯ ವಾದವನ್ನು 2011ರಲ್ಲಿ ಕರ್ನಾಟಕ ಹೈಕೋರ್ಟ್ ಒಪ್ಪಿತ್ತು. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಜಾಹೀರಾತು ಜಾಗ ಮಾರಿ ಗೂಗಲ್ ಇಂಡಿಯಾ ತನ್ನ ಐರ್ಲೆಂಡ್ ಸಂಸ್ಥೆಗೆ ಕಳುಹಿಸಿದ ಹಣವೂ ರಾಯಧನವೇ ಎಂದು 2017ರಲ್ಲಿ ಹೇಳಿದ್ದ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ, ಹೈಕೋರ್ಟಿನಿಂದ ಪ್ರಕರಣ ಮರಳಿ ಬಂದ ಮೇಲೆ 2022ರಲ್ಲಿ ಅಲ್ಲವೆಂದಿತು. ಎರಡೂ ಕಡೆ ಅಡ್ಡ ಬಂದದ್ದು ದೇಶದೇಶಗಳ ನಡುವಿನ ತೆರಿಗೆ ಒಪ್ಪಂದಗಳು. ವಿದೇಶಿ ಕಂಪನಿಗೆ ಇಲ್ಲಿ ಕಾಯಂ ನೆಲೆ ಇಲ್ಲದಿದ್ದರೆ ಅದರ ವ್ಯಾಪಾರದ ಲಾಭಕ್ಕೆ ಇಲ್ಲಿ ತೆರಿಗೆಯಿಲ್ಲ ಎಂದು ಒಪ್ಪಿ ಸಹಿ ಹಾಕಿಯಾಗಿದೆ. ಹಡಗಿನಲ್ಲಿ ಸರಕು ಸಾಗುತ್ತಿದ್ದ ಕಾಲದ ನಿಯಮ ಅದು.

ಒಪ್ಪಂದದ ಗೋಡೆಯನ್ನು ಬಳಸಿ ಹೋಗಲೆಂದೇ 2016ರ ಜೂನ್‌ನಲ್ಲಿ ಆನ್‌ಲೈನ್ ಜಾಹೀರಾತಿಗೆ ಶೇ. 6ರ ಸಮೀಕರಣ ಸುಂಕ ಬಂತು. ಜನ ಅದನ್ನು ‘ಗೂಗಲ್ ತೆರಿಗೆ’ ಎಂದರು. 2020ರಲ್ಲಿ ವಿದೇಶಿ ಇ-ವಾಣಿಜ್ಯಕ್ಕೆ ಶೇ. 2ರ ಸುಂಕ ಸೇರಿತು. ಅಮೆರಿಕ ಇದು ತನ್ನ ಕಂಪನಿಗಳ ವಿರುದ್ಧ ಪಕ್ಷಪಾತ ಎಂದು ತನಿಖೆ ನಡೆಸಿ ಪ್ರತಿಸುಂಕದ ಬೆದರಿಕೆ ಹಾಕಿತು. ಶೇ. 2ರ ಸುಂಕ 2024ರ ಆಗಸ್ಟ್ 1ರಿಂದ ರದ್ದಾಯಿತು. ಶೇ. 6ರದ್ದೂ 2025ರ ಏಪ್ರಿಲ್ 1ರಿಂದ ಇಲ್ಲವಾಯಿತು. ಟ್ರಂಪ್ ಸುಂಕ ಸಮರದ ಹೊಸ್ತಿಲಲ್ಲಿ ಕೈಗೊಂಡ ಈ ನಿರ್ಧಾರವನ್ನು ಕೇವಲ ತೆರಿಗೆ ಸರಳೀಕರಣವೆಂದು ನಂಬುವುದು ಕಷ್ಟ.

ಕನಿಷ್ಠ ತೆರಿಗೆಯ ಕಥೆ

ಇವೆಲ್ಲಕ್ಕೂ ಮದ್ದೆಂದು ಜಗತ್ತು ಕೊಂಡಾಡಿದ್ದು 2021ರ ಅಕ್ಟೋಬರ್ 8ರ ಒಪ್ಪಂದ. ಒಇಸಿಡಿ ನೇತೃತ್ವದಲ್ಲಿ 136 ದೇಶಗಳು ಎರಡು ಸ್ತಂಭಗಳ ಸೂತ್ರಕ್ಕೆ ಸಮ್ಮತಿಸಿದವು. ಮೊದಲನೆಯದು, ಅತಿ ದೊಡ್ಡ ಕಂಪನಿಗಳ ಅಧಿಕ ಲಾಭದ ಕಾಲು ಭಾಗವನ್ನು ಗ್ರಾಹಕರಿರುವ ದೇಶಗಳಿಗೆ ಹಂಚುವುದು. ಎರಡನೆಯದು, 75 ಕೋಟಿ ಯೂರೋ ಮೀರಿದ ವಹಿವಾಟಿನ ಕಂಪನಿ ಎಲ್ಲೇ ಇರಲಿ ಕನಿಷ್ಠ ಶೇ. 15 ತೆರಿಗೆ ಕಟ್ಟುವಂತೆ ಮಾಡುವುದು. ಭಾರತದಂಥ ಮಾರುಕಟ್ಟೆ ದೇಶಗಳಿಗೆ ಬೇಕಿದ್ದುದು ಮೊದಲನೆಯದು. ಅದರ ಕರಡು 2023ರಲ್ಲಿ ಸಿದ್ಧವಾಗಿ, 2024ರ ಜೂನ್‌ನ ಗಡುವು ದಾಟಿ, ಅಲ್ಲೇ ಮಲಗಿದೆ. ಜಾರಿಗೆ ಬೇಕಾದ ಸಂಖ್ಯಾಬಲ ಅಮೆರಿಕವಿಲ್ಲದೆ ಕೂಡಿಬರದಂತೆ ಅದನ್ನು ಹೆಣೆಯಲಾಗಿದೆ.

ಎರಡನೆಯ ಸ್ತಂಭ 2024ರಿಂದ ಯುರೋಪಿನಲ್ಲಿ ಜಾರಿಗೆ ಬಂತು. 2025ರ ಜನವರಿ 20ರಂದು, ಅಧಿಕಾರ ಸ್ವೀಕರಿಸಿದ ದಿನವೇ, ಟ್ರಂಪ್ ಈ ಒಪ್ಪಂದಕ್ಕೆ ಅಮೆರಿಕದಲ್ಲಿ ಕಿಮ್ಮತ್ತಿಲ್ಲವೆಂದು ಘೋಷಿಸಿದರು. ಅಮೆರಿಕದ ಕಂಪನಿಗಳನ್ನು ಮುಟ್ಟುವ ದೇಶಗಳ ಹೂಡಿಕೆದಾರರ ಮೇಲೆ ಪ್ರತೀಕಾರ ತೆರಿಗೆ ಹೇರುವ ಪ್ರಸ್ತಾವ ಅಲ್ಲಿನ ಸಂಸತ್ತಿನ ಮುಂದೆ ಬಂತು. ಜೂನ್ 28ರಂದು ಜಿ-7 ದೇಶಗಳು ಅಮೆರಿಕದ ಮಾತೃಸಂಸ್ಥೆಗಳಿಗೆ ವಿನಾಯಿತಿ ನೀಡಲು ಒಪ್ಪಿದವು. ಪ್ರತೀಕಾರದ ಪ್ರಸ್ತಾವ ಕೈಬಿಟ್ಟಿತು. 2026ರ ಜನವರಿಯಲ್ಲಿ ಈ ರಾಜಿ ವಿಶಾಲ ವೇದಿಕೆಯ ಮುದ್ರೆಯನ್ನೂ ಪಡೆಯಿತು.

ಆದರೆ ರಾಜಿಯಲ್ಲೊಂದು ಸೂಕ್ಷ್ಮವಿದೆ. ಬೇರೆ ದೇಶದಲ್ಲಿ ಕಡಿಮೆ ಕಟ್ಟಿದ ತೆರಿಗೆಯನ್ನು ಮೂರನೆಯ ದೇಶ ವಸೂಲು ಮಾಡುವ ಅಧಿಕಾರ ಹೋಗಿದೆ. ತನ್ನ ನೆಲದಲ್ಲಿ ತೋರಿಸಿದ ಲಾಭಕ್ಕೆ ಶೇ. 15ರವರೆಗೆ ಆಯಾ ದೇಶವೇ ಪೂರಕ ತೆರಿಗೆ ಹಾಕುವ ಅಧಿಕಾರ ಉಳಿದಿದೆ. ಅಂದರೆ ಲಾಭ ಕಾಗದದ ಮೇಲೆ ಎಲ್ಲಿ ಬಂದು ಕೂತಿದೆಯೋ ಆ ದೇಶಕ್ಕೆ ಹಬ್ಬ. ಬೌದ್ಧಿಕ ಆಸ್ತಿಗಳು ಕೂತಿರುವುದು ಐರ್ಲೆಂಡಿನಲ್ಲಿ. ಅದು 2024ರಿಂದಲೇ ದೊಡ್ಡ ಕಂಪನಿಗಳಿಗೆ ಶೇ. 15 ವಿಧಿಸುತ್ತಿದೆ. ಶೇ. 12.5ರಿಂದ ಮೇಲೆ ಹೋದರೆ ಕಂಪನಿಗಳು ಓಡಿಹೋಗುತ್ತವೆಂದು ದಶಕಗಳ ಕಾಲ ಹೆದರಿದ್ದ ದೇಶ ಈಗ ಯಾರ ಹೆದರಿಕೆಯೂ ಇಲ್ಲದೆ ಹೆಚ್ಚು ವಸೂಲು ಮಾಡುತ್ತಿದೆ.

ಬೇಡವೆಂದ ಹಣವೂ ಡಬ್ಲಿನ್ ಬೊಕ್ಕಸ ಸೇರಿದೆ. ತೀರ್ಪು ಬಂದ ಮೂರು ವಾರಕ್ಕೆ, 2024ರ ಅಕ್ಟೋಬರ್ 1ರಂದು, ಬಜೆಟ್ ಮಂಡಿಸಿದ ಹಣಕಾಸು ಸಚಿವ ಜ್ಯಾಕ್ ಚೇಂಬರ್ಸ್ ಅದನ್ನು ಕುಡಿಯುವ ನೀರು, ವಿದ್ಯುತ್ ಜಾಲ, ಸಾರಿಗೆ ಮತ್ತು ವಸತಿಗೆ ಬಳಸುವ ಉದ್ದೇಶ ಪ್ರಕಟಿಸಿದರು. ಆ ಹಣದ ಒಂದಂಶ ಹತ್ತು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ, ಮುಂಬೈಯಲ್ಲಿ ಐಫೋನ್ ಕೊಂಡವರು ತೆತ್ತ ಬೆಲೆಯಿಂದ ಹುಟ್ಟಿದ್ದು.